ಒಬ್ಬರ ಹತ್ತಿರ ಒಂದೇ ಕೆಲಸ

ಕಳೆದ ತಿಂಗಳು ನನ್ನ ತಮ್ಮ ಲೋಕಲ್ ಟ್ರೇನಿನ ಮೋಟರ್‌ಮನ್ ಆದ. ಸುದ್ದಿ ಊರಿಗೆ ಮುಟ್ಟಿದ ಮರುದಿನವೇ ದೊಡ್ಡಮ್ಮನ ಫೋನ್. 'ನಾನು ಆಗಲೇ ಹೇಳಿರಲಿಲ್ವಾ, ಹುಡುಗ ಚುರುಕು ಅಂತ?'

ಹೇಳಿರಲಿಲ್ಲ. 1993ರಲ್ಲಿ ಅವರು ಹೇಳಿದ್ದು ಬೇರೆ. 'ಹತ್ತು ಮನೆ ಬಾಗಿಲು ಕಾಯೋ ಮಕ್ಕಳು ಎಲ್ಲಾದರೂ ಉದ್ಧಾರ ಆಗ್ತಾವಾ? ಹುಡುಗನನ್ನು ಹಾಸ್ಟೆಲಿಗೆ ಹಾಕಿ. ಹುಡುಗಿ ನನ್ನ ಹತ್ತಿರ ಇರಲಿ, ದನ ಕರು ನೋಡ್ಕೊಳ್ತಾಳೆ.' ಆಗ ನನಗೆ ಹನ್ನೊಂದು, ತಮ್ಮನಿಗೆ ಆರು. ನಾವು ಹೋಗಲಿಲ್ಲ. ಬೊಂಬಾಯಿಯ ಕುರ್ಲಾದಲ್ಲಿ ಚಾಳಿನ, ಅಂದರೆ ಸಾಲು ರೂಮುಗಳ ಕಟ್ಟಡದ, ಹತ್ತು-ಹನ್ನೆರಡು ಅಡಿಯ ರೂಮಿನಲ್ಲೇ ಉಳಿದೆವು. ಅವನನ್ನು ನಾನು ಬೆಳೆಸಿದೆ, ಜೊತೆಗೆ ನಾನೂ ಬೆಳೆದೆ. ಹೇಗೆ ಅಂತ ಈಗ ಬರೆಯಬಹುದು ಅನಿಸಿತು. ಮೊದಲೇ ಬರೆದಿದ್ದರೆ 'ಮೊದಲು ದಡ ಸೇರು, ಆಮೇಲೆ ಮಾತಾಡು' ಅನ್ನುತ್ತಿದ್ದರು.

ಅಪ್ಪ-ಅಮ್ಮ ಇದ್ದೂ ಇಲ್ಲದ ಮನೆಯಲ್ಲಿ ಬೆಳೆದವರಿಗೆ ಪೀಠಿಕೆ ಬೇಡ. ಕೊರಳಲ್ಲಿ ದಾರ, ದಾರದಲ್ಲಿ ಬೀಗದ ಕೈ, ಅಷ್ಟು ಅಂದರೆ ಅರ್ಥವಾಗುತ್ತದೆ. ನಮ್ಮ ಅಪ್ಪ ಫೋರ್ಟಿನ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ವಾರದಲ್ಲಿ ನಾಲ್ಕು ರಾತ್ರಿ ಅಲ್ಲೇ ಮಲಗುತ್ತಿದ್ದರು. ಉಳಿದ ಹೊತ್ತು ಮಟ್ಕಾ ಜೂಜು. 'ಕಲ್ಯಾಣ' ಮಟ್ಕಾದ ಓಪನ್ ಎಷ್ಟು, ಕ್ಲೋಸ್ ಎಷ್ಟು ಅಂತ ಬಾಯಿಪಾಠ. ನಾನು ಎಷ್ಟನೇ ಕ್ಲಾಸು ಅನ್ನೋದು ಗೊತ್ತಿರಲಿಲ್ಲ. ಅಮ್ಮ ಊರಿಗೆ ಹೋದರೆ ಆರು ತಿಂಗಳು. ಬೊಂಬಾಯಿಯಲ್ಲಿ ಇದ್ದಾಗಲೂ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅದಕ್ಕೆ ಈಗ ಡಾಕ್ಟರ ಹತ್ತಿರ ಹೆಸರಿದೆ, ಮಾತ್ರೆ ಇದೆ. ಆಗ 'ಅವಳಿಗೆ ಸ್ವಲ್ಪ ಹುಷಾರಿಲ್ಲ' ಅಂದರೆ ಮುಗಿಯಿತು. ಇಬ್ಬರೂ ಹೊಡೆದವರಲ್ಲ, ಬೈದವರಲ್ಲ. ಊಟ ಆಯಿತಾ ಅಂತ ಕೇಳಿದವರೂ ಅಲ್ಲ.

ನನ್ನ ಮೊದಲ ಪಾಠ 1993ರ ಜನವರಿ ಗಲಭೆಯಲ್ಲಿ ಆಯಿತು. ಕರ್ಫ್ಯೂ. ಅಪ್ಪ ಹೋಟೆಲಿನಲ್ಲಿ ಸಿಕ್ಕಿಬಿದ್ದರು, ಅಮ್ಮ ಊರಲ್ಲಿ. ಮೂರನೇ ದಿನಕ್ಕೆ ಅಕ್ಕಿ ಖಾಲಿ. ಡಾಲ್ಡಾ ಡಬ್ಬಿ ಬೋರಲು ಮಾಡಿ ತಟ್ಟಿದರೆ ಏಳೆಂಟು ಕಾಳು ಉದುರಿದವು. ತಮ್ಮ ಅದನ್ನು ಎಣಿಸಿದ. ಪಕ್ಕದ ರೂಮಿನ ಮರಾಠಿ ಆಜಿ ಎರಡು ಜೋಳದ ಭಾಕರಿ ಕೊಟ್ಟಳು, ಆರು ದಿನ ಹಾಗೇ ಕಳೆಯಿತು. ಅವತ್ತಿನಿಂದ ಇವತ್ತಿನವರೆಗೆ ನನ್ನ ಮನೆಯಲ್ಲಿ ಹತ್ತು ದಿನದ ಅಕ್ಕಿ ಇಲ್ಲದ ದಿನ ಇಲ್ಲ. ಈಗಿನ ಡೊಂಬಿವಲಿ ಮನೆಯ ಕೆಳಗೇ ಮೂರು ಕಿರಾಣಿ ಅಂಗಡಿ ಇವೆ ಅಂತ ಗಂಡ ನಗುತ್ತಾರೆ. ನಗಲಿ.

ಗಲಭೆ ಮುಗಿದ ಮೇಲೆ ನಾನು ಮಾಡಿದ್ದು, ಎಲ್ಲರೂ ಮಾಡುವ ತಪ್ಪೇ. ಇನ್ನೊಬ್ಬ ಅಮ್ಮನನ್ನು ಹುಡುಕಿದೆ. ಮೇಲಿನ ಮಾಳಿಗೆಯಲ್ಲಿ ನಮ್ಮ ಊರ ಕಡೆಯ ಒಬ್ಬರು ಮಾಮಿ ಇದ್ದರು. ಒಳ್ಳೆಯವರು. ಊಟಕ್ಕೆ ಅವರ ಮನೆ, ತಮ್ಮನ ಸ್ನಾನಕ್ಕೆ ಅವರ ಬಚ್ಚಲು, ಹೋಮ್‌ವರ್ಕಿಗೆ ಅವರ ಮಗ, ಜ್ವರ ಬಂದರೆ ಅವರ ಕಷಾಯ. ಐದು ತಿಂಗಳು ನಡೆಯಿತು. ಒಂದು ಸಂಜೆ ಬಾಗಿಲು ತಟ್ಟಿದರೆ ಒಳಗೆ ಟಿವಿ ಸದ್ದು ನಿಂತಿತು. ಬಾಗಿಲು ತೆಗೆಯಲಿಲ್ಲ. 'ನನಗೆ ನನ್ನದೇ ಎರಡು ಸಾಕು ಮಾರಾಯ್ರೆ' ಅಂತ ಪಿಸುಗುಟ್ಟಿದ್ದು ಕೇಳಿಸಿತು. ತಮ್ಮನ ಕೈಯಲ್ಲಿ ತಟ್ಟೆ ಇತ್ತು. ನಾವು ಸುಮ್ನೆ ಇಳಿದು ಬಂದೆವು.

ಮಾಮಿಯ ಮೇಲೆ ನನಗೆ ಸಿಟ್ಟಿಲ್ಲ. ತಪ್ಪು ಲೆಕ್ಕದ್ದು. ಒಬ್ಬ ಹೆಂಗಸಿನ ಮೇಲೆ ಎರಡು ಮಕ್ಕಳ ಇಡೀ ಭಾರ ಹೊರಿಸಿದ್ದೆ. ಒಂದು ತಿಂಗಳು ಯೋಚಿಸಿದ ಮೇಲೆ ನನ್ನ ಪದ್ಧತಿ ಹುಟ್ಟಿತು. ಅಪ್ಪ-ಅಮ್ಮ ಮಾಡುವ ಕೆಲಸಗಳನ್ನೆಲ್ಲ ಬಿಡಿಸಿ ಬರೆಯುವುದು. ಒಂದೊಂದನ್ನು ಒಬ್ಬೊಬ್ಬ ದೊಡ್ಡವರಿಗೆ ಕೊಡುವುದು. ಒಬ್ಬರ ಹತ್ತಿರ ಒಂದೇ ಕೆಲಸ, ಎರಡನೆಯದು ಕೇಳಬಾರದು. ಅವರಾಗಿಯೇ ಕೊಟ್ಟರೂ ಬೇಡ ಅನ್ನಬೇಕು. ಇದು ಕಷ್ಟ, ಯಾಕೆಂದರೆ ಹಸಿವು ಇರುತ್ತದೆ.

ಆಜಿಗೆ ಕಾಯಿಲೆ ಖಾತೆ. ಸಹಿ ಹಾಕುವುದು, ಶಾಲೆಯ ಕಾಗದ ಓದುವುದು ಕೊನೆಯ ರೂಮಿನ ಕಾಕಾನಿಗೆ. ಅವರು ಮಿಲ್ಲಿನಲ್ಲಿ ಇದ್ದವರು. 1982ರ ಮುಷ್ಕರದಲ್ಲಿ ಕೆಲಸ ಹೋಗಿ ಆಮೇಲೆ ಬಾಗಿಲಲ್ಲಿ ಕೂತು ಪೇಪರ್ ಓದುವುದೇ ಕೆಲಸವಾಗಿತ್ತು. ಮಾತುಂಗದ ಒಂದು ಹೋಟೆಲಿನಲ್ಲಿ ಊರ ಕಡೆಯ ಅಣ್ಣ ಒಬ್ಬರಿದ್ದರು, ಅವರು ನನ್ನ ಬ್ಯಾಂಕು. ತಿಂಗಳಿಗೊಮ್ಮೆ ಕುರ್ಲಾದಿಂದ ಸಯನ್ ದಾಟಿ ಮಾತುಂಗಕ್ಕೆ ಅರ್ಧ ಟಿಕೆಟಿನಲ್ಲಿ ಹೋಗಿ ದುಡ್ಡು ಇಟ್ಟು ಬರುತ್ತಿದ್ದೆ. ಹೆಣ್ಣುಮಕ್ಕಳ ವಿಷಯ ಬಂದಾಗ ಕೇಳಲು ಶಾಲೆಯ ಕನ್ನಡ ಟೀಚರ್. ಬೆಳಗಿನ ನಾಲ್ಕಕ್ಕೆ ನೀರು ಬಂದರೆ ಗೋಡೆ ಬಡಿಯುವುದಕ್ಕೆ ಎದುರು ಮನೆಯ ಬೇಕರಿ ಹುಡುಗ. ಅಷ್ಟೇ ಅವನ ಕೆಲಸ, ಎರಡು ಸಲ ಬಡಿಯುವುದು.

ಪದ್ಧತಿಯ ಇನ್ನೊಂದರ್ಧ ವಾಪಸ್ ಕೊಡುವುದು. ದುಡ್ಡಲ್ಲ. ಆಜಿಗೆ ವಾರಕ್ಕೊಮ್ಮೆ ಹತ್ತು ಸೂಜಿಗೆ ದಾರ ಪೋಣಿಸಿ ಇಡುತ್ತಿದ್ದೆ, ಅವಳಿಗೆ ಕಣ್ಣು ಮಂಜು. ಕಾಕಾನ ಬದಲಿಗೆ ರೇಷನ್ ಕ್ಯೂನಲ್ಲಿ ನಿಲ್ಲುತ್ತಿದ್ದೆ. ಬೇಕರಿ ಹುಡುಗನಿಗೆ ಒಂದು ಹಂಡೆ ನೀರು ತುಂಬಿಸಿಡುತ್ತಿದ್ದೆ. ನೂರು ಪುಟದ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ: ತಗೊಂಡಿದ್ದು, ಕೊಟ್ಟಿದ್ದು. ವಾರದೊಳಗೆ ಎರಡೂ ಸರಿಹೋಗಬೇಕು. ಆ ನೋಟ್‌ಬುಕ್‌ಗಳು ಈಗ ಇಲ್ಲ. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತಲ್ಲ, ಆವತ್ತು ಮಿಠಿ ನದಿ ಚಾಳಿನೊಳಗೆ ಸೊಂಟದವರೆಗೆ ಬಂತು. ಕೆಳಗಿನ ಟ್ರಂಕಿನಲ್ಲಿದ್ದ ಲೆಕ್ಕವೆಲ್ಲ ಮುದ್ದೆಯಾಯಿತು. ಅಟ್ಟದ ಮೇಲಿದ್ದ ಒಂದು ಬಿಸ್ಕತ್ತಿನ ಡಬ್ಬಿ ಮಾತ್ರ ಉಳಿಯಿತು. ಹಾಗಾಗಿ ಇಲ್ಲಿನ ಅಂಕಿ ಎಲ್ಲ ನೆನಪಿನ ಮೇಲೆ.

ದುಡ್ಡಿನ ವಿಷಯ. ಅಪ್ಪ ಒಳ್ಳೆಯ ತಿಂಗಳಲ್ಲಿ ಆರು ನೂರು ಕೊಡುತ್ತಿದ್ದರು, ಕೆಟ್ಟ ತಿಂಗಳಲ್ಲಿ ಇನ್ನೂರು, ಕೆಲವು ತಿಂಗಳು ಸೊನ್ನೆ. ಮೊದಮೊದಲು ಜೇಬಿನಿಂದ ಕದಿಯುತ್ತಿದ್ದೆ. ಹತ್ತು, ಇಪ್ಪತ್ತು, ಒಮ್ಮೆ ಐವತ್ತು. ಸಿಕ್ಕಿಬೀಳುತ್ತೇನೆ ಅಂತ ಕಾದೆ. ಅವರಿಗೆ ಗೊತ್ತೇ ಆಗಲಿಲ್ಲ. ಹೊಡೆದಿದ್ದರೆ ಅಷ್ಟು ಅಳುತ್ತಿರಲಿಲ್ಲವೇನೋ. ಆಮೇಲೆ ಕದಿಯುವುದು ಬಿಟ್ಟೆ. ಸರಿಯಾಗಿ ತಿಂಗಳ ಏಳನೇ ತಾರೀಖಿಗೆ ಅವರ ಕೈಯಿಂದಲೇ ದುಡ್ಡು ಹೊರಡಿಸುವ ಒಂದು ಉಪಾಯ ಕಂಡುಕೊಂಡೆ. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ. ಅಪ್ಪ ಈಗ ನನ್ನ ಮನೆಯಲ್ಲೇ ಇದ್ದಾರೆ, ಮೊನ್ನೆ ಹೊಸ ಕನ್ನಡಕ ಬೇರೆ ಮಾಡಿಸಿದ್ದೇನೆ.

ಖರ್ಚು ಹೀಗಿತ್ತು: ಪಗಡಿಯ (ಮೊದಲೇ ಒಂದು ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದ) ರೂಮು, ಬಾಡಿಗೆ ಅರವತ್ತೋ ಎಪ್ಪತ್ತೋ. ಅಕ್ಕಿ-ಬೇಳೆಗೆ ಇನ್ನೂರೈವತ್ತು. ಚಿಮಿಣಿ ಎಣ್ಣೆ ರೇಷನ್‌ನಲ್ಲಿ ಸಿಕ್ಕಷ್ಟು ಅಗ್ಗ, ಮುಗಿದ ಮೇಲೆ ಬ್ಲ್ಯಾಕಿನಲ್ಲಿ ಮೂರು ಪಟ್ಟು. ಕೊರತೆ ತುಂಬಲು ನಾನು ಮನೆಯಲ್ಲೇ ಕೂತು ಮಾಡುವ ಮಾಲು ಹಿಡಿದೆ. ಟಿಕಲಿಯನ್ನು, ಅಂದರೆ ಹಣೆಬೊಟ್ಟನ್ನು, ಕಾರ್ಡಿಗೆ ಅಂಟಿಸುವುದು, 144 ಕಾರ್ಡಿನ ಒಂದು ಗ್ರೋಸಿಗೆ ಎರಡೂವರೆ ರೂಪಾಯಿ. ಶ್ರಾವಣಕ್ಕೆ ಮೊದಲು ರಾಖಿ. ಹದಿಮೂರರ ಮೇಲೆ ಸೀರೆಗೆ ಫಾಲ್ ಹಚ್ಚುವುದು, ಸೀರೆಗೆ ನಾಲ್ಕು ರೂಪಾಯಿ. ನನ್ನಷ್ಟು ಸಣ್ಣ ಹೊಲಿಗೆ ಆ ಗಲ್ಲಿಯಲ್ಲಿ ಯಾರೂ ಹಾಕುತ್ತಿರಲಿಲ್ಲ, ಅಂಗಡಿಯವನೇ ಹೇಳಿದ ಮಾತು. ಗ್ರಾಹಕಿ ಹೆಂಗಸರು 'ಆ ಕಾನಡಿ ಹುಡುಗಿ ಹಚ್ಚಿದ್ದು ಕೊಡಿ' ಅಂತ ಕೇಳುತ್ತಿದ್ದರು.

ಅಂಚೆ ಕಚೇರಿಯ ಖಾತೆಯ ವಿಷಯ ಹೇಳಿದ್ದು ಟೀಚರ್. ಹತ್ತು ವರ್ಷ ತುಂಬಿದ ಮಗು ತನ್ನ ಖಾತೆಯನ್ನು ತಾನೇ ನಡೆಸಬಹುದು, ದೊಡ್ಡವರ ಸಹಿ ಬೇಡ. ಇಪ್ಪತ್ತು ರೂಪಾಯಿ ಕಟ್ಟಿ ಶುರು ಮಾಡಿದ ನೆನಪು. ಕೌಂಟರಿಗೆ ನನ್ನ ಹಣೆ ಮಾತ್ರ ಮುಟ್ಟುತ್ತಿತ್ತು. ಪಾಸ್‌ಬುಕ್ಕಿನಲ್ಲಿ ನನ್ನ ಹೆಸರು ನೋಡಿದಾಗ ಆದ ಖುಷಿ ಮದುವೆ ದಿನ ಕೂಡ ಆಗಲಿಲ್ಲ ಅಂದರೆ ಗಂಡ ಬೇಜಾರು ಮಾಡಿಕೊಳ್ಳುತ್ತಾರೆ. ಹಾಗಿದ್ದೂ ನಾನು ಆಸೆಗೆ ಬಿದ್ದೆ. ಹದಿನಾಲ್ಕರಲ್ಲಿ ಚಾಳಿನ ಒಂದು ಭಿಶಿಗೆ, ಅಂದರೆ ಚೀಟಿಗೆ, ತಿಂಗಳಿಗೆ ಐವತ್ತರಂತೆ ಕಟ್ಟಿದೆ. ನನ್ನ ಸರದಿ ಹನ್ನೆರಡನೇ ತಿಂಗಳು. ಹನ್ನೊಂದನೇ ತಿಂಗಳಲ್ಲಿ ನಡೆಸುತ್ತಿದ್ದ ಹೆಂಗಸು ರೂಮು ಖಾಲಿ ಮಾಡಿದಳು. ಐನೂರೈವತ್ತು ರೂಪಾಯಿ ಹೋಯಿತು. ನೂರ ಮೂವತ್ತೇಳೋ ಮೂವತ್ತೆಂಟೋ ಸೀರೆ ಅದು. ಇವತ್ತಿಗೂ ನಾನು ದುಡ್ಡನ್ನು ಸೀರೆಯಲ್ಲೇ ಎಣಿಸುತ್ತೇನೆ.

ಎಣ್ಣೆ ಉಳಿಸಲು ಮಾಡಿದ ಒಂದು ಪ್ರಯೋಗ ಹೇಳಲೇಬೇಕು. ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ ಮೇಲೆ ಬೇಕು, ಸ್ಟವ್ ಎಣ್ಣೆ ಕುಡಿಯುತ್ತದೆ. ಒಂದು ದಿನ ಅಕ್ಕಿ ಕುದಿಯುತ್ತಿರುವಾಗಲೇ ಎಣ್ಣೆ ಮುಗಿಯಿತು. ಸಿಟ್ಟಿನಲ್ಲಿ ಪಾತ್ರೆಗೆ ತಟ್ಟೆ ಮುಚ್ಚಿ, ಹಳೆ ಕಂಬಳಿಯಲ್ಲಿ ಸುತ್ತಿ, ಶಾಲೆಗೆ ಹೋದೆವು. ಬಂದು ನೋಡಿದರೆ ಅನ್ನ ಅರಳಿ ಕೂತಿತ್ತು! ಆಮೇಲೆ ಅದೇ ರೂಢಿ. ಹದಿನೈದು ನಿಮಿಷ ಕುದಿಸು, ಗೋಣಿಚೀಲದೊಳಗೆ ಕಂಬಳಿ, ಕಂಬಳಿಯೊಳಗೆ ಪಾತ್ರೆ, ಎರಡು ಗಂಟೆ ಮುಟ್ಟಬೇಡ. ತಿಂಗಳಿಗೆ ಎರಡು ಲೀಟರ್ ಉಳಿಯಿತು. ತೊಗರಿಬೇಳೆ ಮಾತ್ರ ಮೂರು ಸಲ ಕೈಕೊಟ್ಟಿತು. ರಾತ್ರಿ ನೆನೆಸಿದರೆ ಬೇಯುತ್ತದೆ. ಹುಣಸೆಹುಳಿ ಮೊದಲೇ ಹಾಕಿದರೆ ಏನು ಮಾಡಿದರೂ ಕಲ್ಲು. ಇಡ್ಲಿ ಹಿಟ್ಟು ಮಾರಲೂ ನೋಡಿದೆ. ರುಬ್ಬುವ ಕಲ್ಲಿಗೆ ನನ್ನ ತೂಕ ಸಾಲಲಿಲ್ಲ.

ಈಗ ದೊಡ್ಡ ಸೋಲು. 1995ರ ಮಳೆಗಾಲ. ತಮ್ಮನಿಗೆ ಚಳಿ ಜ್ವರ. ಆಜಿಯ ಕಾಲಂ ಆ ವಾರ ಆಗಲೇ ತುಂಬಿತ್ತು, ಅವಳಿಗೆ ನಾನು ಏನೂ ಕೊಟ್ಟಿರಲಿಲ್ಲ. ಅದಕ್ಕೆ ಹೇಳಲಿಲ್ಲ. ಒದ್ದೆ ಬಟ್ಟೆ ಹಾಕಿದೆ. ಮರುದಿನ ಜ್ವರ ಇಲ್ಲ. ಗೆದ್ದೆ ಅಂದುಕೊಂಡು ನೋಟ್‌ಬುಕ್ಕಿನಲ್ಲಿ ಬರೆದೂ ಬಿಟ್ಟೆ. ಮೂರನೇ ದಿನ ಮತ್ತೆ ಹಲ್ಲು ಕಡಿಯುವ ಚಳಿ. ನಾಲ್ಕನೇ ದಿನ ಇಲ್ಲ. ಐದನೇ ದಿನ ಅವನು ನನ್ನನ್ನು 'ಅಮ್ಮ' ಅಂತ ಕರೆದ, ನೋಡಿದ್ದು ಮಾತ್ರ ಬೇರೆ ಎಲ್ಲೋ. ಓಡಿ ಹೋಗಿ ಆಜಿಯ ಬಾಗಿಲು ಬಡಿದೆ. ಅವಳು ಕೇಳಿದ್ದು ಒಂದೇ: 'ದಿನ ಬಿಟ್ಟು ದಿನ ಬರ್ತಿದೆಯಾ?' ಹೌದು ಅಂದೆ. 'ಮಲೇರಿಯಾ ಕಣೇ, ಹುಚ್ಚಿ' ಅಂತ ಹೆಗಲ ಮೇಲೆ ಹಾಕಿಕೊಂಡು ಹೊರಟಳು. ಮೊದಲು ಹೋದ ಕಡೆ 'ಹುಡುಗನ ದೊಡ್ಡವರು ಯಾರು?' ಅಂತ ಒಂದು ಗಂಟೆ ಕೂರಿಸಿದರು. ಆಜಿ 'ನಾನೇ' ಅಂದಳು. ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದರು, ಮಲೇರಿಯಾನೇ. ಮಾತ್ರೆ ಕಹಿ. ಬೆಲ್ಲದ ಜೊತೆ ನುಂಗಿಸಿದೆ.

ಆಮೇಲೆ ಪದ್ಧತಿಗೆ ಒಂದು ತಿದ್ದುಪಡಿ: ಜ್ವರ, ಬೆಂಕಿ, ರಕ್ತ ಬಂದರೆ ಕಾಲಂ ನೋಡಬಾರದು. ಬಾಗಿಲು ಬಡಿ, ಲೆಕ್ಕ ಆಮೇಲೆ. ಇಷ್ಟು ಸಣ್ಣ ವಿಷಯ ಹೊಳೆಯಲು ಐದು ದಿನ ಬೇಕಾಯಿತು, ಇಷ್ಟು ಜಾಣೆ ನಾನು.

ಇನ್ನೊಂದು ತಪ್ಪು ಫೋನಿನದು. 1996ರಲ್ಲಿ ಬೊಂಬಾಯಿಯಲ್ಲಿ ಮಕ್ಕಳಿಗೆ ಅಂತ 1098 ಸಹಾಯವಾಣಿ ಶುರುವಾಯಿತು. ಸ್ವಲ್ಪ ಸಮಯದ ಮೇಲೆ ಕುರ್ಲಾ ಸ್ಟೇಷನ್ನಿನಲ್ಲಿ ಅದರ ಕಾಗದ ಅಂಟಿಸಿದ್ದು ನೋಡಿದೆ. ದುಡ್ಡು ಹಾಕಬೇಕಿಲ್ಲ, ಒತ್ತಿದರೆ ಆಯಿತು. ಆಗ ಅಪ್ಪ ಒಂಬತ್ತು ದಿನದಿಂದ ಬಂದಿರಲಿಲ್ಲ. ಒತ್ತಿದೆ. ಆ ಕಡೆ ಒಬ್ಬ ಹುಡುಗಿಯ ದನಿ, 'ಬೋಲೋ' ಅಂದಳು. ನನಗೆ ಹೊಳೆದಿದ್ದು ಡೋಂಗ್ರಿ, ಅಲ್ಲಿನ ಮಕ್ಕಳ ರಿಮಾಂಡ್ ಹೋಮ್. ಬೊಂಬಾಯಿಯ ಮಕ್ಕಳನ್ನು ಹೆದರಿಸಲು ಬಳಸುವ ಹೆಸರು ಅದು. ನಮ್ಮನ್ನು ಹುಡುಗರ ಕಡೆ ಒಬ್ಬ, ಹುಡುಗಿಯರ ಕಡೆ ಒಬ್ಬಳು ಅಂತ ಬೇರೆ ಮಾಡುತ್ತಾರೆ ಅಂತ ಫೋನ್ ಇಟ್ಟೆ. ಈಗ ಅಂಥ ಮಕ್ಕಳನ್ನು ಕಂಡರೆ ನಾನೇ ನಂಬರ್ ಒತ್ತಿ ಕೊಡುತ್ತೇನೆ. ನನ್ನ ಪದ್ಧತಿ ಚೆನ್ನಾಗಿಯೇ ಇತ್ತು, ಆದರೆ ಒಬ್ಬರಿಗೆ ಒಂದು ಕೆಲಸ ಅನ್ನುವ ಪಟ್ಟಿಯಲ್ಲಿ ಅವರಿಗೂ ಒಂದು ಸಾಲು ಕೊಡಬಹುದಿತ್ತು.

ನಾನು ಏಳನೆಯವರೆಗೆ ಕನ್ನಡ ಮುನಿಸಿಪಲ್ ಶಾಲೆ, ಆಮೇಲೆ ರಾತ್ರಿ ಶಾಲೆ. ಹೋಟೆಲ್ ಹುಡುಗರ ಮಧ್ಯೆ ನಾವು ನಾಲ್ಕು ಹುಡುಗಿಯರು. ಅರ್ಧ ತರಗತಿ ಡೆಸ್ಕಿನ ಮೇಲೆ ನಿದ್ದೆ, ಇಡೀ ಕೋಣೆಗೆ ಸಾಂಬಾರಿನ ವಾಸನೆ. 1998ರಲ್ಲಿ ಎಸ್ಸೆಸ್ಸಿ, ಐವತ್ತೆಂಟು ಪರ್ಸೆಂಟ್. ಅಷ್ಟು ಸಾಕಾಯಿತು.

ತಮ್ಮ ಹದಿಮೂರಕ್ಕೆ ಕೈ ತಪ್ಪಿದ. ವಿಡಿಯೋ ಗೇಮ್ ಪಾರ್ಲರ್, ಶಾಲೆಗೆ ಚಕ್ಕರ್. ನಾನು ಲಟ್ಟಣಿಗೆ ತಗೊಂಡೆ. ಅಪ್ಪನ ಕೆಲಸವನ್ನೂ ನಾನೇ ಮಾಡಲು ಹೋದೆ, ಅಂದರೆ ನನ್ನ ನಿಯಮ ನಾನೇ ಮುರಿದೆ. ಅವನು ಎರಡು ರಾತ್ರಿ ಪ್ಲಾಟ್‌ಫಾರ್ಮಿನಲ್ಲಿ ಮಲಗಿದ. ಕೊನೆಗೆ ಕಾಕಾನ ಹತ್ತಿರ ಹೋಗಿ ಸಹಿ ಖಾತೆ ಬದಲಿಸಿ ಗದರುವ ಖಾತೆ ಕೊಟ್ಟೆ. ಕಾಕಾ ಗದರಲೇ ಇಲ್ಲ. ಅವನನ್ನು ಕರೆದುಕೊಂಡು ಹೋಗಿ ಕಾರ್‌ಶೆಡ್ ಕಡೆಯ ಸೇತುವೆಯ ಮೇಲೆ ನಿಲ್ಲಿಸಿ, ಖಾಲಿ ಲೋಕಲ್‌ಗಳು ಒಳಗೆ ಹೊರಗೆ ಓಡುವುದನ್ನು ತೋರಿಸಿದರು. ಮಿಲ್ಲಿನ ಮನುಷ್ಯ, ಮಿಷಿನ್ ಮಾತೇ ಮಾತು. ವಾರಕ್ಕೆರಡು ಸಂಜೆ ಹೀಗೆ ಒಂದು ವರ್ಷ. ಆಮೇಲೆ ಐಟಿಐ ಇಲೆಕ್ಟ್ರಿಷಿಯನ್. ರೈಲ್ವೆ ಪರೀಕ್ಷೆಯ ಕೋಚಿಂಗಿಗೆ ನಾಲ್ಕು ಸಾವಿರ, ಸೀರೆಯಲ್ಲಿ ಎಣಿಸಿದರೆ ಸಾವಿರ. ಎರಡು ಸಲ ಫೇಲ್, ಮೂರನೇ ಸಲ ಅಸಿಸ್ಟೆಂಟ್ ಲೋಕೋ ಪೈಲಟ್. ಹದಿನೈದು ವರ್ಷ ಕಲ್ಯಾಣದಿಂದ ಗೂಡ್ಸ್ ಓಡಿಸಿದ. ಅಪ್ಪನಿಗೆ ಕಲ್ಯಾಣ ಅಂದರೆ ಮಟ್ಕಾ, ಇವನಿಗೆ ಡ್ಯೂಟಿ. ಆ ಕೆಲಸಕ್ಕೆ ಕಣ್ಣು ಎ-ಒನ್ ಬೇಕು, ಕನ್ನಡಕವಿಲ್ಲದೆ ಎರಡೂ ಕಣ್ಣು 6/6. ನಾನು ತಿನ್ನಿಸಿದ ನುಗ್ಗೆಸೊಪ್ಪಿನಿಂದ ಅಂತ ನನ್ನ ವಾದ. ಅವನು ಒಪ್ಪುವುದಿಲ್ಲ. ಮೋಟರ್‌ಮನ್ ಆಗಲು ಸೈಕೋ ಟೆಸ್ಟೂ ಇರುತ್ತದೆ. ಗಮನ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡುತ್ತಾರಂತೆ. ಅಕ್ಕಿ ಕಾಳು ಎಣಿಸಿದವನು, ಪಾಸಾಗದೆ ಇರುತ್ತಾನಾ?

ಈ ಪದ್ಧತಿಯಿಂದ ನಷ್ಟವೂ ಇದೆ. ಯಾರಾದರೂ ಸುಮ್ನೆ ಊಟಕ್ಕೆ ಕರೆದರೆ ನನಗೆ ಈಗಲೂ ಕೂಡಲೇ ಏನು ವಾಪಸ್ ಕೊಡಲಿ ಅನ್ನುವ ಚಡಪಡಿಕೆ. ಮದುವೆಯಾದ ಹೊಸತರಲ್ಲಿ ಗಂಡ ಒಂದು ಲೋಟ ಟೀ ಮಾಡಿಕೊಟ್ಟರೆ ಅವರ ಶರ್ಟು ಇಸ್ತ್ರಿ ಮಾಡಲು ಹೊರಡುತ್ತಿದ್ದೆ. ಅತ್ತೆ ಒಂದು ದಿನ ಕೈ ಹಿಡಿದು ಕೂರಿಸಿದರು. ಆಜಿ ಬದ್ಲಾಪುರದಲ್ಲಿ ಮಗಳ ಮನೆಯಲ್ಲಿ ತೀರಿಕೊಂಡಳು. ಅವಳ ಕಾಲಂ ಸರಿಹೋಗಲೇ ಇಲ್ಲ. ಅಮ್ಮ ಊರಲ್ಲಿದ್ದಾಳೆ. ಭಾನುವಾರ ಫೋನ್ ಮಾಡಿದರೆ ಕೋಳಿಗಳ ವಿಷಯ ಹೇಳುತ್ತಾಳೆ. ಮಾತ್ರೆ ತಗೋತಾಳೆ, ಮೊದಲಿಗಿಂತ ಜಾಸ್ತಿ ಮಾತಾಡ್ತಾಳೆ.

ತಮ್ಮನ ಬಡ್ತಿಯ ಸುದ್ದಿ ಬಂದ ಸಂಜೆ ಅಟ್ಟದ ಆ ಬಿಸ್ಕತ್ತಿನ ಡಬ್ಬಿ ತೆಗೆದೆ. ಒಳಗೆ ನನ್ನ ಪಾಸ್‌ಬುಕ್ಕು, ಅವನ ಶಾಲೆಯ ಪ್ರಗತಿ ಪುಸ್ತಕಗಳು. ಅಪ್ಪ ಹೊಸ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುಗಿಸಿದರು. ಎರಡನೇ ಕ್ಲಾಸು, ಮೂರು, ನಾಲ್ಕು. ಎಲ್ಲ ಪುಟದಲ್ಲೂ 'ಪಾಲಕರ ಸಹಿ' ಅನ್ನುವ ಗೆರೆಯ ಮೇಲೆ ಕಾಕಾನ ಉದ್ದ ಬಾಲದ ಮರಾಠಿ ಅಕ್ಷರ. ಐದನೇ ಕ್ಲಾಸಿಗೆ ಬಂದಾಗ ಬೆರಳು ಅಲ್ಲೇ ನಿಂತಿತು.

'ಇದು ನನ್ನ ಸಹಿ ಅಲ್ವಲ್ಲ' ಅಂದರು.

'ಅಲ್ಲ' ಅಂದೆ. 'ಟೀ ಮಾಡಲಾ?'